ಬೇರೆ ಊರಿನ ಶಾಲೆ

ಮೊನ್ನೆ ಚನ್ನಗಿರಿಯಲ್ಲಿ ನೋಟರಿಯ ಮೇಜಿನ ಮೇಲೆ ನೇರಳೆ ಶಾಯಿಯ ಸ್ಟಾಂಪ್ ಪ್ಯಾಡ್ ತೆರೆದಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮೂರ ಹೈಸ್ಕೂಲಿನ ಹೆಡ್‌ಮೇಡಂ ನೆನಪಾದರು...

ಆಗ ನಾನು ಒಂಬತ್ತನೇ ತರಗತಿ. ವಾರಕ್ಕೊಂದು ದಿನ ಶಾಲೆ ತಪ್ಪಿಸಿ, ಅಪ್ಪನ ಜೊತೆ ಸಂತೇಬೆನ್ನೂರು ಸಂತೆಯಲ್ಲಿ ಈರುಳ್ಳಿ ಮಾರುತ್ತಿದ್ದೆ. ಚೌಕಾಸಿ ಕಲಿತದ್ದು ಅಲ್ಲೇ. ನಮ್ಮ ಶಾಲೆಗೊಂದು ಪದ್ಧತಿಯಿತ್ತು: ಹತ್ತನೇ ತರಗತಿಯ ಫಲಿತಾಂಶ ಕೆಡಿಸುವಂಥ ಮಕ್ಕಳನ್ನು ಮೊದಲೇ ಟಿ.ಸಿ. ಕೊಟ್ಟು ಸಾಗಹಾಕುವುದು. ಹೊರಹಾಕಿದೆವು ಎಂದು ಯಾರೂ ಬರೆಯುತ್ತಿರಲಿಲ್ಲ. 'ಸ್ವಇಚ್ಛೆಯಿಂದ ಬೇರೆ ಊರಿನ ಶಾಲೆಗೆ ಸೇರಿಸುತ್ತೇನೆ' ಎಂದು ಗುಮಾಸ್ತರೇ ಅರ್ಜಿ ಬರೆದು ತಂದೆಯ ಹೆಬ್ಬೆಟ್ಟು ಒತ್ತಿಸುತ್ತಿದ್ದರು. ಹಾಗೆ ಹೋದವರು ಹೆಚ್ಚಾಗಿ ನಮ್ಮಂಥ ಕೇರಿಯವರು. ಅದುವರೆಗಿನ ಹೆಡ್‌ಮಾಸ್ತರರೆಲ್ಲ ಅನುಕೂಲಸ್ಥರ ಮನೆಯವರು. ಕೆಟ್ಟವರೇನಲ್ಲ. ಅವರ ಮನೆಗಳಿಗೆ ಅಂಥ ಕಾಗದ ಬಂದಿರಲಿಲ್ಲ, ಅಷ್ಟೆ.

ಮೇಡಂ ಕೆರೆಬಿಳಚಿ ಕಡೆಯ ಮುಸ್ಲಿಂ ಮನೆಯವರು, ಬಳೆ ಮಾರುವವರ ಮಗಳು. ಆ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು. ಆ ವರ್ಷದ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು. ಅಪ್ಪ ಹೆಬ್ಬೆರಳಿಗೆ ಶಾಯಿ ಹಚ್ಚಿಕೊಂಡೇ ನಿಂತಿದ್ದ.

"ಯಾವ ಊರ ಶಾಲೆಗೆ ಸೇರಿಸ್ತೀರಿ?" ಮೇಡಂ ಕೇಳಿದರು.

"ಯಾವ ಊರೂ ಇಲ್ರೀ ಅಮ್ಮಾರೆ. ಒತ್ತು ಅಂದ್ರು, ಒತ್ತಾಕೆ ಬಂದೆ."

"ಹಂಗಾದ್ರೆ ಸೀಟು ಐತೆ ಅಂತ ಆ ಬೇರೆ ಊರಿನ ಶಾಲೆಯಿಂದ ಒಂದು ಚೀಟಿ ತರ್ರಿ, ಆಮೇಲೆ ಸೀಲು ಹಾಕ್ತೀನಿ. ನಮ್ಮಕ್ಕಂಗೂ ಹಿಂಗೇ ಬರೆಸಿದ್ರು. ಆ ಬೇರೆ ಊರು ಎಲ್ಲೈತೋ ಇವತ್ತಿಗೂ ಗೊತ್ತಿಲ್ಲ."

ಗುಮಾಸ್ತರು ನಕ್ಕರು. "ಮೇಡಂ, ಈ ಈರುಳ್ಳಿ ಸಾವ್ಕಾರ ಪಾಸಾದ್ರೆ ನಾನು ಮೀಸೆ ಬೋಳಿಸ್ತೀನ್ರೀ."

"ಬ್ಲೇಡು ನಾನೇ ಕೊಡಿಸ್ತೀನಿ ಬಿಡ್ರಿ," ಎಂದರು ಮೇಡಂ.

ಪಟ್ಟಿಯಲ್ಲಿದ್ದ ಎಲ್ಲರಿಗೂ ಅದೇ ಷರತ್ತು; ಆ ಚೀಟಿ ಯಾರಿಂದಲೂ ತರಲಾಗಲಿಲ್ಲ. ಅವರಿದ್ದಷ್ಟು ದಿನ ಒಬ್ಬರೂ ಹೊರಬೀಳಲಿಲ್ಲ. ನಾನು ಹತ್ತನೇ ತರಗತಿಯನ್ನು ಎರಡನೇ ಸಲಕ್ಕೆ ಪಾಸಾದೆ. ಆದರೆ ಶಾಲೆಯ ಫಲಿತಾಂಶ ಇಳಿಯಿತು, ನೋಟಿಸು ಬಂತು, ಮೇಡಂಗೆ ಜಗಳೂರು ಕಡೆ ವರ್ಗವಾಯಿತು. ಬೀಳ್ಕೊಡುಗೆಗೆ ನಾನು ಹೋಗಲಿಲ್ಲ. ಅಂದು ಸಂತೆ...

ಒಂದು ಮಾತು ಹೇಳುತ್ತೇನೆ, ಕೇಳಿ. ಕಾಗದದಲ್ಲಿ 'ಸ್ವಇಚ್ಛೆ' ಎಂದಿದ್ದರೆ, ಅದನ್ನು ಬರೆದ ಕೈ ಯಾರದೆಂದು ಮೊದಲು ನೋಡಿ.

ಈಗ ನಾನೇ ಆ ಶಾಲೆಯ ಸಮಿತಿಯಲ್ಲಿದ್ದೇನೆ. ಮೇಡಂ ನಂತರ ಬಂದವರೆಲ್ಲ ಮತ್ತೆ ಹಳೆಯ ದಾರಿಯನ್ನೇ ಹಿಡಿದರು. ಈ ವರ್ಷ ಒಬ್ಬ ಹುಡುಗಿಯ ಅರ್ಜಿ ನನ್ನ ಕಣ್ಣಿಗೆ ಬೀಳುವಷ್ಟರಲ್ಲಿ ಟಿ.ಸಿ. ಅವಳ ಮನೆ ಸೇರಿತ್ತು. ಹೆಡ್‌ಮಾಸ್ತರರ ಜೊತೆ ಜಗಳವಾಡಿ, ವಾಪಸ್ ಸೇರಿಸಿಕೊಳ್ಳಲು ಒಪ್ಪಿಸಿ, ಮನೆಗೆ ಹೋಗಿ ಕರೆದೆ. ಹುಡುಗಿ ಒಳಗಿನಿಂದ ಬರಲಿಲ್ಲ. ತಾಯಿ ಬಾಗಿಲಿಗೆ ಬಂದಳು.

"ಅಡಿಕೆ ಸುಲಿಯಾಕೆ ಹೋಗ್ತಾಳೆ ಬಿಡಣ್ಣ. ಅಲ್ಲಿ ಯಾರೂ ಬ್ಯಾಡ ಅನ್ನಲ್ಲ."

ಎಂಥ ವ್ಯವಹಾರವನ್ನೂ ಕುದುರಿಸುವವನು ನಾನು. ಮೇಡಂ ಆಗಿದ್ದರೆ ಏನು ಹೇಳುತ್ತಿದ್ದರೋ... ಕೇಳೋಣವೆಂದರೆ ಅವರು ತೀರಿಹೋಗಿ ವರ್ಷವಾಯಿತು. ಅದೂ ನನಗೆ ತಿಳಿದದ್ದು ಆರು ತಿಂಗಳು ತಡವಾಗಿ. ಆ ಬಾಗಿಲಿನಿಂದ ವಾಪಸ್ ಬಂದೆ.