ಕ್ವೆಂಕಾದ ಕಾಲಿಲ್ಲದ ಬಟ್ಟಲು

ಕ್ವೆಂಕಾ ಊರಿನ ಕುಂಬಾರಕೇರಿಯಲ್ಲಿ ಕ್ರಿಸ್ಪುಲಾಳ ಮನೆ. ಹೊಳೆಯಲ್ಲಿ ಮರದ ದಿಮ್ಮಿ ತೇಲಿಸುತ್ತಿದ್ದ ಗಂಡ ನೀರುಪಾಲಾದ ಮೇಲೆ ಸೂಜಿಯೇ ಅವಳ ಹೊಟ್ಟೆ ಹೊರೆದಿತ್ತು. ಸಂತ ಮತ್ತಾಯನ ಹಬ್ಬಕ್ಕೆ ನಗರಸಭೆಯ ಉಪ್ಪರಿಗೆಯಿಂದ ಇಳಿಬಿಡುವ ಕೆಂಪು ಮಖಮಲ್ ಪರದೆಯನ್ನು ಪ್ರತಿವರ್ಷ ಸರಿಪಡಿಸುವವಳು ಅವಳೇ. ಪರದೆಯ ನಡುವೆ ಊರಿನ ಲಾಂಛನ: ಚಿನ್ನದ ಜರಿಯಲ್ಲಿ ಇಗರ್ಜಿಯ ಉದ್ದ ಕಾಲಿನ ಪೂಜಾಪಾತ್ರೆ, ಮೇಲೆ ಬೆಳ್ಳಿಯ ಎಂಟು ಮೂಲೆಯ ನಕ್ಷತ್ರ. ಅದನ್ನು ಕಸೂತಿ ಮಾಡಿದ್ದು ಅವಳ ತಾಯಿ.

ಸಾವಿರದ ಒಂಬೈನೂರ ಮೂವತ್ತಾರರ ಬೇಸಿಗೆಯಲ್ಲಿ ಅಂತರ್ಯುದ್ಧ ಹೊತ್ತಿಕೊಂಡಾಗ ಪರದೆ ಅವಳ ಮನೆಯಲ್ಲಿತ್ತು. ಸರಿಪಡಿಸಲು ಕೊಟ್ಟ ನಗರಸಭೆಯ ಗುಮಾಸ್ತ ಊರು ಬಿಟ್ಟಿದ್ದ. ಊರು ಪಾದ್ರಿಗಳನ್ನು ದ್ವೇಷಿಸುವ ಬಂದೂಕಿನವರ ಕೈಯಲ್ಲಿತ್ತು, ಇಗರ್ಜಿಗಳ ವಿಗ್ರಹಗಳು ಬೀದಿಯಲ್ಲಿ ಉರಿಯುತ್ತಿದ್ದವು. ಪಾದ್ರಿಯ ನಿಲುವಂಗಿ ಬಚ್ಚಿಟ್ಟಿದ್ದಳೆಂದು ಪಕ್ಕದ ಬೀದಿಯ ಹೆಂಗಸೊಬ್ಬಳನ್ನು ಎಳೆದೊಯ್ದಿದ್ದರು. ಕ್ರಿಸ್ಪುಲಾ ಪರದೆಯನ್ನು ಹಾಸಿಗೆಯಡಿ ಹಾಕಿದಳು, ತೆಗೆದಳು, ಒಲೆಯ ಮುಂದೆ ತಂದಳು. ಸುಡಲು ಕೈ ಬರದೆ ಮತ್ತೆ ಹಾಸಿಗೆಯಡಿಗೇ ತುರುಕಿದಳು. ನೋಡುವವರಿಗೆ ಅದು ಬರೀ ಬಟ್ಟೆ. ಅವಳ ಅಮ್ಮನ ಕಣ್ಣು ಮಂಜಾಗಿದ್ದೇ ಆ ಜರಿ ಹೊಲಿದು.

ಒಂದು ಮಧ್ಯಾಹ್ನ ಯಾರೋ ಬಾಗಿಲು ಧಡಧಡ ಬಡಿದರು. ಬಂದೂಕು ಹೊತ್ತ ಇಬ್ಬರು. ಒಬ್ಬ ಪರ ಊರಿನವನು. ಇನ್ನೊಬ್ಬ ಕೇರಿಯ ಕುಂಬಾರನ ಮಗ ಫರ್ಮಿನ್, ಎಲ್ಲರ ಮನೆಯಲ್ಲೂ ಉಂಡು ಬೆಳೆದವನು. ಪರ ಊರಿನವನು ಹಾಸಿಗೆ ಮಗುಚಿ ಪರದೆಯನ್ನು ಎಳೆದ.

“ಇದೇನಿದು? ಪಾದ್ರಿಗಳ ಪಾತ್ರೆ! ಇಗರ್ಜಿ ಮಾಲು ಬಚ್ಚಿಟ್ಟಿದ್ದೀಯ?”

ಫರ್ಮಿನ್ ಮುಂದೆ ಬಂದ.

“ಅಯ್ಯೋ ಮಾರಾಯ, ಇದು ನಮ್ಮೂರಿನ ಗುರುತು ಕಣೋ. ಊರ ಹೆಸರಲ್ಲೇ ಬಟ್ಟಲಿದೆ, ಕ್ವೆಂಕಾ ಅಂದರೆ ಬಟ್ಟಲು ಅಂತಲೇ ತಾನೆ. ಇದೂ ಬಟ್ಟಲೇ.”

“ಬಟ್ಟಲಿಗೆ ಇಷ್ಟುದ್ದ ಕಾಲು ಯಾಕೆ? ನಿಮ್ಮಪ್ಪ ಮಾಡೋ ಬಟ್ಟಲಿಗೆ ಕಾಲಿರುತ್ತಾ?”

ಫರ್ಮಿನ್ ಅವಳತ್ತ ತಿರುಗಿ ಮೆಲ್ಲಗೆ ಹೇಳಿದ: “ಕ್ರಿಸ್ಪುಲಕ್ಕ, ಕಾಲು ಬಿಚ್ಚಿಬಿಡು. ಈಗಲೇ, ಇವನ ಕಣ್ಣೆದುರೇ.”

ಅವಳು ಕತ್ತರಿ ತಂದಳು. ಅವಸರದಲ್ಲಿ ಒಂದೆರಡು ಕಡೆ ಮಖಮಲ್ಲೇ ಹರಿಯಿತು. ಕಾಲು, ಪೀಠ ಹೋದವು. ಬಟ್ಟಲೂ ನಕ್ಷತ್ರವೂ ಉಳಿದವು. ಪರ ಊರಿನವನು ಕ್ಯಾಕರಿಸಿ ಉಗಿದು ಹೊರಟ. ಕ್ರಿಸ್ಪುಲಾ ಜರಿಯ ಚೂರುಗಳನ್ನು ಒಲೆಗೆ ಹಾಕಿದಳು.

ಮೂವತ್ತೊಂಬತ್ತರ ವಸಂತದಲ್ಲಿ ಯುದ್ಧ ಮುಗಿಯಿತು, ಇಗರ್ಜಿಯ ಪರವಾಗಿದ್ದ ಎದುರು ಪಕ್ಷದವರು ಗೆದ್ದು ಬಂದರು. ಭಯ ಮಾತ್ರ ಹೋಗಲಿಲ್ಲ, ಅಂಗಿ ಬದಲಿಸಿತು ಅಷ್ಟೆ. ಪರದೆ ವಾಪಸು ಕೇಳಿದರು, ನೋಡಿದರು, ಅವಳನ್ನು ಕರೆಸಿದರು. ಫರ್ಮಿನ್ ಆಗಲೇ ಸೆರೆಯಲ್ಲಿದ್ದ. ಅಧಿಕಾರಿ ಪರದೆಯನ್ನು ಮೇಜಿನ ಮೇಲೆ ಹರಡಿದ.

“ಪವಿತ್ರ ಪಾತ್ರೆಯ ಕಾಲು ಕಡಿದವರು ಯಾರು?”

“ನುಸಿ ತಿಂತು, ಸ್ವಾಮಿ.”

“ನುಸಿ ಕಾಲಷ್ಟೇ ತಿನ್ನುತ್ತಾ? ಭಾರಿ ಬುದ್ಧಿವಂತ ನುಸಿ! ಕುಂಬಾರರ ಹುಡುಗ ಹೇಳಿಕೊಟ್ಟ ಅಂತ ಒಂದು ಮಾತು ಹೇಳಮ್ಮ, ಮನೆಗೆ ಹೋಗು.”

ಹೆಸರು ಹೇಳಿದರೆ ಅವನ ತಲೆ, ಹೇಳದಿದ್ದರೆ ತನ್ನದು. ಕ್ರಿಸ್ಪುಲಾ ಕುರ್ಚಿಯ ಅಂಚನ್ನು ಬಿಗಿಯಾಗಿ ಹಿಡಿದಳು.

“ನುಸಿ ಅಲ್ಲ ಸ್ವಾಮಿ, ನಾನೇ ಬಿಚ್ಚಿದ್ದು. ಪ್ರಾಣಭಯ. ನನಗೆ ಯಾರೂ ಹೇಳಿಕೊಡಲಿಲ್ಲ.”

ಅವಳ ತಲೆ ಬೋಳಿಸಿ ಚೌಕದಲ್ಲಿ ನಡೆಸಿದರು. ನಗರಸಭೆಯ ಕೆಲಸ ಹೋಯಿತು. ಪಾತ್ರೆಗೆ ಬೇರೆ ಯಾರೋ ಹೊಸ ಕಾಲು ಹೊಲಿದರು, ಕೊಂಚ ಓರೆಯಾಗಿ.

ಫರ್ಮಿನ್‌ಗೆ ಗಲ್ಲಾಗಲಿಲ್ಲ. ವರ್ಷಗಳಾದ ಮೇಲೆ, ಎಲುಬಿನ ಹಂದರವಾಗಿ, ಅವನು ಕೇರಿಗೆ ಮರಳಿದ. ಅವಳ ಬಾಗಿಲು ಬಡಿದ.

“ಅಕ್ಕಾ, ನಾನೇ ಕಣೇ, ಫರ್ಮಿನ್.”

“ಜೊತೆಗೆ ಯಾರಿದ್ದಾರೆ?”

“ಯಾರೂ ಇಲ್ಲ.”

ಅಗುಳಿ ಸರಿಯಿತು. ಅವಳು ಮೊದಲು ಬೀದಿಯ ಎರಡೂ ಕಡೆ ನೋಡಿದಳು. ಆಮೇಲೆ ಅವನ ಮುಖ ನೋಡಿ, ತೋಳು ಹಿಡಿದು ಒಳಗೆಳೆದುಕೊಂಡು, ಬೆಳ್ಳುಳ್ಳಿ ಸಾರಿಗೆ ರೊಟ್ಟಿ ಮುರಿದು ಹಾಕಿ ಒಲೆಯ ಮೇಲಿಟ್ಟಳು.