ಬಾ ಅಕ್ಕ, ಹೋಗಾನ

ಹುಣಸೇಹಣ್ಣಿನ ವ್ಯಾಪಾರಕ್ಕೆ ಇಳಿದಾಗ ನಾನು ಕಲಿತ ಮೊದಲ ವಿದ್ಯೆ ಎದ್ದು ಹೋಗೋದು. ಬಾಯಿ ಸೋತ ಕಡೆ ಬೆನ್ನು ಗೆಲ್ಲುತ್ತೆ. ಶಿರಾದ ಸೀರೆ ಅಂಗಡಿಯಲ್ಲಿ ಸಾಹೇಬರು ರೇಟು ಇಳಿಸಲಿಲ್ಲವೋ, ಪಕ್ಕದಲ್ಲಿ ಕೂತ ಅಕ್ಕನಿಗೆ ಹೇಳೋ ಹಾಗೆ, ಆದರೆ ಅವರ ಕಿವಿಗೆ ಬೀಳೋ ಹಾಗೆ, “ಬಾ ಅಕ್ಕ, ಬಾ ಹೋಗಾನ” ಅನ್ನಬೇಕು. ಮೆಟ್ಟಿಲು ಇಳಿಯುವಷ್ಟರಲ್ಲಿ “ಅರೇ ಅಮ್ಮಾ, ಬನ್ನಿ ಬನ್ನಿ, ನಾರಾಜ್ ಆಗ್ಬೇಡಿ” ಅಂತ ಕೂಗು ಬರುತ್ತೆ. ಬರಲಿಲ್ಲ ಅಂದರೆ ರೇಟು ನಿಜವಾಗಿ ಅಷ್ಟೇ ಅಂತ ತಿಳಿಯಿರಿ. ಚಪ್ಪಲಿ ಸರಿಮಾಡಿಕೊಂಡ ಹಾಗೆ ಮಾಡಿ ವಾಪಸ್ ಹೋಗಿ ತಗೊಳ್ಳಿ. ಮಾನ ಎಲ್ಲೂ ಹೋಗಲ್ಲ.

ಇಂಥ ವಿದ್ಯೆ ಕೈಲಿದೆ ಅನ್ನೋ ಧೈರ್ಯದ ಮೇಲೇ ನಾನು ಅಕ್ಕನನ್ನು ವಿಯೆಟ್ನಾಂಗೆ ಕರಕೊಂಡು ಹೋಗಿದ್ದು. ವಿಯೆಟ್ನಾಮೇ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಟಿಕೆಟ್ ಅಗ್ಗ ಇತ್ತು, ಇನ್ನೇನು? ಅಕ್ಕನನ್ನು ಕೊಟ್ಟಿರೋದು ಚನ್ನರಾಯನದುರ್ಗಕ್ಕೆ. ಮೈಸೂರಿನಿಂದ ಆಚೆ ಕಾಲಿಟ್ಟವಳಲ್ಲ. “ಮೈಸೂರಿಗೆ ಹೋದಂಗೇ ಕಣಕ್ಕ, ವಸಿ ದೂರ ಅಷ್ಟೆ” ಅಂತ ಒಪ್ಪಿಸಿದ್ದೆ.

ಅಗ್ಗದ ಟಿಕೆಟ್ಟು ನಮ್ಮನ್ನು ನಡುವೆ ಇನ್ಯಾವುದೋ ದೇಶದಲ್ಲಿ ಇಳಿಸಿ, ರಾತ್ರಿಯೆಲ್ಲ ಕಬ್ಬಿಣದ ಕುರ್ಚಿ ಮೇಲೆ ಕೂರಿಸಿ, ಬೆಳಗ್ಗೆ ಹನೋಯ್‌ಗೆ ತಂದು ಹಾಕಿತು. ಅಕ್ಕನ ಪಾದಗಳು ಊದಿ, ಚಪ್ಪಲಿಯಲ್ಲಿ ಹಿಡಿಸದೆ ಅರ್ಧ ಆಚೆ ಇದ್ದವು. ಏರ್‌ಪೋರ್ಟಲ್ಲಿ ಸಿಮ್ಮು ದುಬಾರಿ ಅಂತ ನಾನು ಕೊಂಡಿರಲಿಲ್ಲ. (ನೀವು ಕೊಳ್ಳಿ. ಎಲ್ಲಾ ಕಡೆ ಉಳಿಸೋಕೆ ಹೋಗಬಾರದು.)

ಹೋಟೆಲಿನ ಕೌಂಟರಿನಲ್ಲಿ ಒಬ್ಬಳು ಹುಡುಗಿ. ಅವಳು ತನ್ನ ಫೋನಿಗೆ ಏನೋ ಹೇಳಿ ನಮ್ಮ ಕಡೆ ತಿರುಗಿಸಿದಳು. ಫೋನು ರೇಡಿಯೋ ವಾರ್ತೆಯ ದನಿಯಲ್ಲಿ, “ಅತಿಥಿಗಳೇ, ಕೊಠಡಿಯು ಮಧ್ಯಾಹ್ನ ಎರಡು ಗಂಟೆಗೆ ಲಭ್ಯವಾಗುತ್ತದೆ” ಅಂತು.

“ಮಧ್ಯಾಹ್ನಾನಾ!” ಅಕ್ಕ ಸೂಟ್‌ಕೇಸ್ ಮೇಲೇ ಕುಸಿದಳು. “ಲೇ, ನಂಗೀಗ ಬೆನ್ನು ನೆಲ ಕೇಳ್ತೈತೆ. ಇಲ್ಲ ಹಾಸಿಗೆ ಕೊಡ್ಸು, ಇಲ್ಲ ಇವತ್ತಿನ ವಿಮಾನಕ್ಕೇ ವಾಪಸ್ ಕಳುಸ್ಬುಡು.”

ಅಕ್ಕ ಬಾಯಿಮಾತಿಗೆ ಹೇಳೋಳಲ್ಲ. ಒಮ್ಮೆ ಮಗಳ ಮನೆಯಲ್ಲಿ ಕಾಫಿ ತಣ್ಣಗಿತ್ತು ಅಂತ ಬಂದ ಬಸ್ಸಿನಲ್ಲೇ ಊರಿಗೆ ವಾಪಸ್ ಹೋದವಳು. ಈಗ ಹೋದಳೋ, ಮಧುಗಿರಿಯಿಂದ ಪಾವಗಡದವರೆಗೆ ನೆಂಟರಿಷ್ಟರಿಗೆಲ್ಲ ನನ್ನ ಕಥೆ ಹಂಚುತ್ತಾಳೆ. ಹಾಸಿಗೆ ಬೇಕೇ ಬೇಕು.

ನಾನು ಬೆರಳು ಎತ್ತಿದೆ. ಒಂಬತ್ತು ಗಂಟೆಗೆ? ಹುಡುಗಿ ನಕ್ಕಳು. ಹತ್ತು? ಮತ್ತೂ ನಕ್ಕಳು. ಬೈಯೋರ ಹತ್ತಿರ ಚೌಕಾಸಿ ಮಾಡಬಹುದು, ನಗೋರ ಹತ್ತಿರ ಬಲು ಕಷ್ಟ. ಸರಿ, ಕೊನೇ ಅಸ್ತ್ರ ತೆಗೆದೆ. “ಬಾ ಅಕ್ಕ, ಬಾ! ಬೇರೆ ಹೋಟೆಲ್ ನೋಡಾನ, ಬಾ!”

ಹುಡುಗಿಗೆ ಆಶ್ಚರ್ಯವಾಯಿತು. ಮೂರು ಬೆರಳು ತೋರಿಸಿದಳು. ನಾನು ಕಣ್ಣು ಬಿಟ್ಟೆ. ಅವಳು ಖುಷಿಯಾಗಿ “ಓಕೆ, ಓಕೆ” ಅಂತ ಕಾಗದದಲ್ಲಿದ್ದ ಎರಡನ್ನು ಹೊಡೆದು ಮೂರು ಬರೆದಳು.

ಜನ್ಮದಲ್ಲಿ ಇಂಥ ವ್ಯಾಪಾರಗಿತ್ತಿಯನ್ನು ನಾನು ನೋಡಿರಲಿಲ್ಲ. ಗಿರಾಕಿ ಎದ್ದರೆ ರೇಟು ಏರಿಸೋದೇ!

“ಏನಂತೆ?” ಅಂದಳು ಅಕ್ಕ.

“ಯೋಚ್ನೆ ಮಾಡ್ತಾವ್ಳೆ. ನಡಿ, ಹೊಟ್ಟೆಗೇನಾದ್ರೂ ಹಾಕ್ಕೊಂಡು ಬರಾನ.”

ಬೀದಿ ತಿರುವಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸೊಬ್ಬಳು ನಮ್ಮನ್ನು ನೋಡಿ “ಬಾ ಓಯ್! ಬಾ ಓಯ್!” ಅಂತ ಕೂಗಿದಳು.

ಅಕ್ಕನ ಮುಖ ಅರಳಿತು. “ನೋಡೇ, ಕನ್ನಡದೋಳು!”

“ಕನ್ನಡದೋಳಾದ್ರೆ ಬನ್ನಿ ಅಂತಿದ್ಲು. ವಯಸ್ಸಾದೋರನ್ನ ಬಾ ಓಯ್ ಅಂತಾರಾ? ಏನು ಪೊಗರು!” ಅಂದೆ.

ಪೊಗರೋ ಬಿಗರೋ, ಬುಟ್ಟಿಯಲ್ಲಿ ಬಿಸಿ ಹಬೆಯಾಡುವ ಅಂಟನ್ನ, ಅದರ ತುಂಬ ಬೇಯಿಸಿದ ಕಡಲೆಕಾಯಿ ಬೀಜ. “ನಮ್ ಪಾವಗಡದ ಕಡೆ ಬೀಜದಂಗೇ ಘಮ್ ಅಂತೈತೆ” ಅಂತ ಅಕ್ಕ ಕೂತೇಬಿಟ್ಟಳು. ಹೆಂಗಸು ಒಂದು ನೋಟು ತೋರಿಸಿದಳು. ನಾನು ಅದಕ್ಕಿಂತ ಚಿಕ್ಕದು ತೋರಿಸಿದೆ. ಆಗಲ್ಲ ಅಂದಳು. “ಬಾ ಅಕ್ಕ, ಬಾ ಹೋಗಾನ” ಅಂತ ಹೊರಟೆ.

ಹಿಂದೆ ದಡದಡ ಹೆಜ್ಜೆ ಸದ್ದು. ನೋಡಿದ್ಯಾ, ವಿದ್ಯೆ ಎಲ್ಲಿ ಹೋದರೂ ವಿದ್ಯೆಯೇ ಅಂದುಕೊಂಡು ಗತ್ತಿನಿಂದ ತಿರುಗಿದೆ. ಅವಳ ಕೈಯಲ್ಲಿ ಎಲೆ ಪೊಟ್ಟಣ ಮೂರು. ಮೂರಕ್ಕೂ ಪೂರಾ ದುಡ್ಡು ಕೊಡು ಅಂತ ಕೈ ಚಾಚಿದ್ದಳು.

“ಮೂರನೇದು ಯಾರಿಗೇ?” ಅಂದಳು ಅಕ್ಕ. ಕಟ್ಟಿಯಾಗಿತ್ತು, ಕೊಟ್ಟೆ.

ಉಂಡು ವಾಪಸ್ ಹೋಟೆಲಿಗೆ ಬಂದೆವು. ಅಕ್ಕ ಏದುಸಿರು ಬಿಡುತ್ತಾ ಸೋಫಾದಲ್ಲಿ ಕೂತವಳು, ಕೌಂಟರಿನ ಹುಡುಗಿ ಆಕಳಿಸೋದನ್ನೇ ನೋಡಿದಳು. ಆಮೇಲೆ ಎದ್ದು ಹೋಗಿ ಮೂರನೇ ಪೊಟ್ಟಣ ಅವಳ ಮುಂದಿಟ್ಟಳು. “ತಿನ್ನು ಮಗ.”

“ಅಕ್ಕ, ಅದು ಮಧ್ಯಾಹ್ನಕ್ಕೆ ಆಗ್ತಿತ್ತು!”

“ಸುಮ್ಕಿರೇ. ರಾತ್ರಿಯಿಂದ ನಿಂತೈತೆ ಕೂಸು, ಕಣ್ಣು ನೋಡು ಅದರದ್ದು.”

ಹುಡುಗಿ ಎರಡೂ ಕೈ ಚಾಚಿ ತಗೊಂಡು, ತಲೆ ಬಾಗಿಸಿ, ಏನೋ ಹೇಳಿ ಕೊನೆಗೆ “ಬಾ” ಅಂದಳು.

“ಬರ್ತೀನಿ ಕಣಮ್ಮ, ಎಲ್ಲಿಗೆ?” ಅಂದಳು ಅಕ್ಕ.

ಹುಡುಗಿ ಫೋನು ತಿರುಗಿಸಿದಳು. ಅದು “ಧನ್ಯವಾದಗಳು, ಅಜ್ಜಿ” ಅಂತು. ಆಗ ಬಿಡಿಸಿ ಹೇಳಿದಳು. ಅಕ್ಕನನ್ನು ತೋರಿಸಿ “ಬಾ” ಅಂದಳು, ಅಂದರೆ ಅಜ್ಜಿ. ಮೂರು ಬೆರಳು ತೋರಿಸಿ “ಬಾ” ಅಂದಳು, ಅಂದರೆ ಮೂರು. ಎರಡರ ರಾಗ ಬೇರೆ ಅಂತೆ. ನನ್ನ ಕಿವಿಗೆ ಎರಡೂ ಒಂದೇ.

ಅಂದರೆ ನಾನು ಬೆಳಗ್ಗೆ “ಮೂರು, ಮೂರು” ಅಂತ ಅಬ್ಬರಿಸಿ ಎರಡು ಗಂಟೆಯ ರೂಮನ್ನು ಮೂರಕ್ಕೆ ಏರಿಸಿಕೊಂಡಿದ್ದೆ. ಬುಟ್ಟಿಯವಳು ಮೂರು ಪೊಟ್ಟಣ ಕಟ್ಟಿದ್ದೂ ಅದಕ್ಕೇ; “ಬಾ ಓಯ್” ಅಂತ ಕೂಗಿದ್ದು ಮಾತ್ರ “ಅಜ್ಜೀ” ಅಂತ.

ಅಕ್ಕ ನಕ್ಕಳು ನೋಡಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು. “ನಿನ್ನ ಯಾಪಾರಕ್ಕಿಷ್ಟು ಬೆಂಕಿ ಹಾಕ!”

“ನಗು, ನಗು. ಅಜ್ಜಿ ಅಂದಿದ್ದು ನಿನ್ನ” ಅಂದೆ. ನಾನೋ ತಿಂಗಳು ತಪ್ಪದೆ ತಲೆಗೆ ಬಣ್ಣ ಹಚ್ಚುವವಳು. ಖಾತ್ರಿಗೆ ಇರಲಿ ಅಂತ ನನ್ನ ಎದೆ ಮುಟ್ಟಿ ಹುಡುಗಿಯನ್ನು ನೋಡಿದೆ. ಅವಳು ಪಾಪ, ತುಂಬ ಗೌರವದಿಂದ “ಬಾ” ಅಂದಳು. ಅದು ಮೂರು ಅಲ್ಲ ಅನ್ನೋದು ನನಗೂ ಗೊತ್ತಾಯಿತು.

ಹುಡುಗಿ ಅನ್ನ ತಿಂದು ಕೈ ಒರೆಸಿಕೊಂಡು ಮೇಲಕ್ಕೆ ಯಾರಿಗೋ ಫೋನ್ ಮಾಡಿದಳು. ಸ್ವಲ್ಪ ಹೊತ್ತಿಗೆ ಕೀ ತಂದು ಅಕ್ಕನ ಕೈಲಿಟ್ಟಳು. ಯಾರೂ ಏನೂ ಕೇಳಿರಲಿಲ್ಲ. ಇನ್ನೂ ಬೆಳಗಿನ ಬಿಸಿಲೇ ಇತ್ತು. ಮೆಟ್ಟಿಲ ಕಡೆ ಕೈ ಮಾಡಿ “ತಂಗ್ ಬಾ” ಅಂದಳು.

“ಕೇಳುಸ್ತೇನೇ? ತಂಗಿ, ಬಾ ಅಂತಾವ್ಳೆ!” ಅಂತ ಅಕ್ಕ ಹೊರಟೇಬಿಟ್ಟಳು.

ಅವರ ಭಾಷೇಲಿ ಮೂರನೇ ಮಹಡಿ ಅನ್ನೋದಕ್ಕೆ ಆ ಮಾತು. ಲಿಫ್ಟ್ ಇರಲಿಲ್ಲ. ನಾನು ಬುಕ್ ಮಾಡಿದ್ದ ರೂಮು ಯಾಕೆ ಅಷ್ಟು ಅಗ್ಗಕ್ಕೆ ಸಿಕ್ಕಿತ್ತು ಅಂತ ಆಗ ಅರ್ಥವಾಯಿತು. ದುರ್ಗದ ಬೆಟ್ಟದ ಬುಡದಲ್ಲಿ ಬದುಕಿದ ಅಕ್ಕನಿಗೆ ಹಾಸಿಗೆ ಕಂಡರೆ ಊದಿದ ಕಾಲೂ ಲೆಕ್ಕಕ್ಕಿಲ್ಲ. ನಾನು ಎರಡು ಸೂಟ್‌ಕೇಸ್ ಎಳೆದುಕೊಂಡು ಮೊದಲನೇ ತಿರುವಿನಲ್ಲೇ ನಿಂತೆ. ಮೇಲಿನಿಂದ ಅಕ್ಕನ ಕೂಗು: “ತಂಗೀ, ಬಾ! ಎದ್ದು ಹೋಗೋದು ಬಲು ಚೆನ್ನಾಗಿ ಬರ್ತಿತ್ತಲ್ಲೇ ನಿಂಗೆ?”

ನಾನು ತಲುಪೋ ಹೊತ್ತಿಗೆ ಅವಳು ಕಿಟಕಿ ಪಕ್ಕದ ಮಂಚ ಹಿಡಿದು ಗೊರಕೆ ಹೊಡೆಯುತ್ತಿದ್ದಳು. ವಾಪಸ್ ಹೋಗೋ ಮಾತು ಮತ್ತೆ ಎತ್ತಲಿಲ್ಲ. ಸಂಜೆ ಊರು ನೋಡೋಕೆ ಎಬ್ಬಿಸಬೇಕಾದಾಗ “ಬಾ ಅಕ್ಕ” ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡು ಭುಜ ಅಲ್ಲಾಡಿಸಿದೆ. ಬಾಗಿಲು ತೆರೆದಿತ್ತು. ಆ “ಬಾ” ಯಾರ ಕಿವಿಗಾದರೂ ಬಿದ್ದರೆ ಇನ್ಯಾವುದು ಮೂರು ಮೂರು ಬಂದು ನಿಲ್ಲುತ್ತೋ ಯಾರಿಗೆ ಗೊತ್ತು.