ಅಡುಗೆಯವನ ವಿಸಿಟಿಂಗ್ ಕಾರ್ಡು

ಅರಕಲಗೂಡಿನಲ್ಲಿ ನನ್ನಿಂದ ಇಂಗ್ಲಿಷ್ ಪಾಠ ಕೇಳಿದ್ದ ಶಿಷ್ಯನೊಬ್ಬ ಮುಂದೆ ನಾಲ್ಕು ತಾಲ್ಲೂಕಿಗೆ ಬೇಕಾದ ಅಡುಗೆಯವನಾದ. ಅದರಲ್ಲಿ ನನ್ನ ಪಾಠದ ಪಾಲು ಏನೂ ಇಲ್ಲ. ಹೋದ ವರ್ಷ ಅವನು ಚನ್ನರಾಯಪಟ್ಟಣದ ನಮ್ಮ ಮನೆಗೆ ಬಂದು, ಕಾರ್ಡು ಮಾಡಿಸಬೇಕು, ‘ಅಡುಗೆಗೆ ಸಿಗ್ತೀನಿ’ ಅನ್ನೋದನ್ನ ಇಂಗ್ಲಿಷಲ್ಲಿ ಬರೆದುಕೊಡಿ ಎಂದ.

ಕನ್ನಡಕ ಒರೆಸಿಕೊಂಡು ಕೂತೆ. ‘ಅವೈಲಬಲ್’ ಎಂದರೆ ಔಷಧಿ ಅಂಗಡಿಯ ಮಾತ್ರೆಯ ಹಾಗಾಯಿತು. ‘ಫ್ರೀ’ ಎಂದರೆ ಕೆಲಸವಿಲ್ಲದವನು ಎಂದುಕೊಂಡಾರು. ‘ಇನ್ ಸ್ಟಾಕ್’ ಸಿಮೆಂಟಿಗೆ ಸರಿ. ಕೊನೆಗೆ ‘ಅಟ್ ಯುವರ್ ಡಿಸ್ಪೋಸಲ್’ ಎಂದು ತೀರ್ಪು ಕೊಟ್ಟು, ತಾವು ಕರೆದಾಗ ನಾನು ತಮ್ಮ ವಶ ಎಂದು ಅರ್ಥ ಬಿಡಿಸಿ ಹೇಳಿದೆ.

“ಉದ್ದವಾಗೈತೆ, ಮರ್ಯಾದೆಯಾಗೈತೆ. ಇದೇ ಇರ್ಲಿ ಸಾ” ಅಂದ.

ಮಗಳ ನಿಶ್ಚಿತಾರ್ಥದ ಅಡುಗೆಗೆ ಅವನಿಗೇ ತಟ್ಟೆಯಲ್ಲಿ ಎಲೆ ಅಡಿಕೆ ಕೊಟ್ಟು ಒಪ್ಪಿಸಿದೆ. ಹಾಸನದ ಬೀಗರು ಊಟದ ವಿಷಯದಲ್ಲಿ ಬಹಳ ಶಿಸ್ತು. ಮಾತುಕತೆಯ ದಿನ ನಮ್ಮ ಕೇಸರಿಬಾತಿನಲ್ಲಿ ಗೋಡಂಬಿ ಕಾಣದೆ ಚಮಚದಲ್ಲಿ ತಟ್ಟೆಯ ತಳದವರೆಗೂ ಅಗೆದು ನೋಡಿದ್ದರು. ಈ ಊಟ ಕೆಟ್ಟರೆ ಸಂಬಂಧವೇ ಕೆಟ್ಟಿತು ಎಂದು ನಮ್ಮ ಮನೆಯಾಕೆ ಎಚ್ಚರಿಸಿದ್ದಳು.

ನಿಶ್ಚಿತಾರ್ಥದ ದಿನ ಬೆಳಗ್ಗೆ ಏಳಾದರೂ ಹಿತ್ತಿಲಿನ ಒಲೆ ತಣ್ಣಗಿತ್ತು. ಫೋನ್ ಮಾಡಿದೆ.

“ಎಲ್ಲಿದ್ದೀಯಪ್ಪಾ?”

“ಹೊಳೆನರಸೀಪುರದಲ್ಲಿ ಸಾ, ಗೃಹಪ್ರವೇಶ. ಬಾಗೂರಲ್ಲೂ ಒಂದು ನಾಮಕರಣ ಐತೆ, ಅಲ್ಲಿ ನನ್ ತಮ್ಮನ್ನ ಬುಟ್ಟಿವ್ನಿ.”

“ಮೂರು ಮನೆ ಎಲೆ ಅಡಿಕೆ ಯಾಕಯ್ಯಾ ತಗೊಂಡೆ?”

“ಶುಭಕಾರ್ಯ ಅಂತ ತಟ್ಟೆ ಮುಂದೆ ಹಿಡಿದ್ರೆ ಒಲ್ಲೆ ಅನ್ನಕಾಯ್ತದಾ ಸಾ? ನಮ್ಮಪ್ಪನೂ ಒಂದಿನ ಅಂದಿಲ್ಲ. ಎದರ್ಕಬೇಡಿ. ಕಟ್ ಮಾಡ್ಬೇಡಿ. ನಾನ್ ಯೋಳ್ತಾ ಓಯ್ತೀನಿ, ನೀವ್ ಮಾಡ್ತಾ ಓಗಿ.”

ಫೋನನ್ನು ತೆಂಗಿನಕಾಯಿ ರಾಶಿಗೆ ಒರಗಿಸಿ, ಪಂಚೆ ಎತ್ತಿಕಟ್ಟಿ ಸೌಟು ಹಿಡಿದೆ. ಬಾಗೂರಿನ ತಮ್ಮನನ್ನೂ ಅದೇ ಕರೆಗೆ ಸೇರಿಸಿಕೊಂಡಿದ್ದ. “ಲೇ, ಉಪ್ಪು ಹಾಕು” ಎಂದು ತಮ್ಮನಿಗೆ ಅಂದದ್ದು, “ಉಪ್ಪು ಹಾಕಿ ಸಾ” ಎಂದು ನನಗೆ ಅಂದದ್ದು, ಎರಡನ್ನೂ ವಿಧೇಯನಾಗಿ ಪಾಲಿಸಿದೆ; ಹುಳಿಗೆ ಎರಡು ಸಲ ಉಪ್ಪು ಬಿತ್ತು.

ಅಷ್ಟರಲ್ಲಿ ಬೀಗರು ಒಬ್ಬರೇ ಹಿತ್ತಿಲಿಗೆ ಬಂದರು, ಹೊತ್ತಿಗೆ ಮುಂಚೆ, ತನಿಖೆಗೆ. ಹುಳಿಯನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿದರು. ನನ್ನ ಮಗಳ ಭವಿಷ್ಯ ಅವರ ನಾಲಿಗೆಯ ಮೇಲಿತ್ತು. ಅವರು ವಾಚು ಬಿಚ್ಚಿ ಜೇಬಿಗೆ ಹಾಕಿದರು.

“ಬೀಗ್ರೇ, ಇನ್ನೆರಡು ಸೇರು ಬೇಳೆ ಬೇಯಿಸಿ. ಸೌಟು ಈಚೆ ಕೊಡಿ.”

ಊಟಕ್ಕೆ ಎಲೆ ಹಾಕಿದಾಗ ಒಂದೂವರೆ. ಗಂಡಿನ ಕಡೆಯ ಹಿರಿಯರೊಬ್ಬರು, “ಹುಳಿ ಯಾಕೋ ಉಪ್ಪುಪ್ಪು” ಎಂದು ರಾಗ ತೆಗೆದರು. ಬೀಗರು ತಲೆ ಎತ್ತಿ ನೋಡಿದರು. “ನಾನು ಮಾಡಿದ್ದು ಕಣ್ರೀ.”

ಹಿರಿಯರು ಇನ್ನೊಂದು ಸಲ ಹುಳಿ ಹಾಕಿಸಿಕೊಂಡರು.